ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ

ರಾಜಕೀಯದ ಬಗ್ಗೆ ಬರೆಯೋದಿದ್ದರೆ ಚುನಾವಣೆ ದೂರ ಇರುವಾಗಲೇ ಬರೆದುಬಿಡಬೇಕು. ಹತ್ತಿರ ಬಂದಾಗ ಬರೆದರೆ ಓದುವವರು ಮೊದಲು 'ಇವನು ಯಾವ ಪಕ್ಷದವನು' ಅಂತ ಹುಡುಕುತ್ತಾರೆ, ಆಮೇಲೆ ವಿಷಯಕ್ಕೆ ಬರುತ್ತಾರೆ. ವಿಧಾನಸಭೆ ಚುನಾವಣೆ ಇರೋದು 2028ಕ್ಕೆ, ಲೋಕಸಭೆಯದು 2029ಕ್ಕೆ. ಹಾಗಾಗಿ ಈ ಸಲದ ಅಂಕಣದಲ್ಲಿ ಸಮಾಧಾನವಾಗಿ ಒಂದು ಪ್ರಶ್ನೆ ಕೇಳುತ್ತೇನೆ. "ನನ್ನನ್ನು ಗೆಲ್ಲಿಸಿದರೆ ಸರ್ಕಾರದ ಖರ್ಚು ಕಡಿಮೆ ಮಾಡಿಸುತ್ತೇನೆ, ಸರ್ಕಾರ ಬೇಡದ ಕಡೆಯೆಲ್ಲ ಕೈಹಾಕದ ಹಾಗೆ ನೋಡಿಕೊಳ್ಳುತ್ತೇನೆ" ಅಂತ ಒಬ್ಬ ಅಭ್ಯರ್ಥಿ ನಿಮ್ಮ ಊರಿಗೆ ಬಂದು ಹೇಳಿದರೆ, ಅವನಿಗೆ ವೋಟು ಹಾಕ್ತೀರಾ?

ಇದೇ ಪ್ರಶ್ನೆಯನ್ನು ನವಲಗುಂದ ತಾಲ್ಲೂಕಿನ ನಮ್ಮ ಊರಲ್ಲಿ ಹಿರಿಯರೊಬ್ಬರಿಗೆ ಕೇಳಿದೆ. ಸಣ್ಣವನಿದ್ದಾಗಿಂದಲೂ ಅವರು ನನಗೆ ಕಾಕಾ. "ಏನೂ ಕೊಡೂದಿಲ್ಲ ಅಂತ ಹೇಳಿ ವೋಟ್ ಕೇಳಾಕ ಬರ್ತಾನಂದ್ರ ಅವಂಗ ಯಾರೋ ಮದ್ದ ಹಾಕ್ಯಾರ ತಮ್ಮಾ" ಅಂದರು. ಅಲ್ಲಿ ಕೂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ನನ್ನ ಉತ್ತರ ಬೇರೆ. ನಾನು ಅಂಥವನಿಗೆ ವೋಟು ಹಾಕ್ತೀನಿ. ಒಂದೇ ಷರತ್ತು: ಯಾವ ಖರ್ಚು ಕಡಿಮೆ ಮಾಡ್ತೀನಿ ಅಂತ ಅವನು ಹೆಸರು ಹಿಡಿದು ಹೇಳಬೇಕು. ಯಾಕೆ ಅಂತ ಹೇಳಲಿಕ್ಕೆ ನಮ್ಮ ತಾಲ್ಲೂಕಿನ ಕಥೆಯಿಂದಲೇ ಶುರು ಮಾಡಬೇಕು.

ಗುಡ್ಡದ ಕೆಳಗಿನ ಆಣೆಕಟ್ಟು

'ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ' ಅನ್ನೋ ಗಾದೆ ಬೆಂಗಳೂರಿನ ನನ್ನ ಸಹೋದ್ಯೋಗಿಗಳಿಗೂ ಗೊತ್ತು. ಆದರೆ ಎಲ್ಲಮ್ಮನ ಗುಡ್ಡ ಹತ್ತಿದವರು ಅವರಲ್ಲಿ ಕಡಿಮೆ. ನಮ್ಮ ಕಡೆಯಿಂದ ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಸವದತ್ತಿಗೆ ಹೋಗುವ ಮಂದಿ ಈಗಲೂ ಇದ್ದಾರೆ. ನಿಜ ಹೇಳಬೇಕೆಂದರೆ ಅವರು ಯಾರೂ ಬೇರೆಯವರ ದುಡ್ಡಲ್ಲಿ ಹೋಗೋದಿಲ್ಲ. ವರ್ಷವಿಡೀ ಕೂಡಿಟ್ಟು, ಬುತ್ತಿ ಕಟ್ಟಿಕೊಂಡು, ತಮ್ಮದೇ ಎತ್ತು ಹೂಡಿಕೊಂಡು ಹೋಗುತ್ತಾರೆ. ಗಾದೆ ಬೈಯೋದು ಭಕ್ತರನ್ನಲ್ಲ, ಇನ್ನೊಬ್ಬರ ಗಂಟಿನಲ್ಲಿ ಜಾತ್ರೆ ಮಾಡಿ ಪುಣ್ಯ ತನ್ನ ಹೆಸರಿಗೆ ಬರೆಸಿಕೊಳ್ಳುವವರನ್ನು.

ಆ ಗುಡ್ಡದ ಹತ್ತಿರವೇ, ನವಿಲುತೀರ್ಥದಲ್ಲಿ, ಮಲಪ್ರಭೆಗೆ ಆಣೆಕಟ್ಟು ಕಟ್ಟಿದ್ದಾರೆ. ಜಲಾಶಯಕ್ಕೆ ಎಲ್ಲಮ್ಮನದೇ ಇನ್ನೊಂದು ಹೆಸರು: ರೇಣುಕಾ ಸಾಗರ. ಎಪ್ಪತ್ತರ ದಶಕದಲ್ಲಿ ಅಲ್ಲಿಂದ ಕಾಲುವೆ ನಮ್ಮ ಎರಿ ಹೊಲಗಳ ಕಡೆ ಬಂತು. ಬಿಳಿಜೋಳ, ಕಡಲೆ, ಕುಸುಬಿ ಬೆಳೆದುಕೊಂಡು ಮಳೆರಾಯನ ಮುಖ ನೋಡುತ್ತಿದ್ದ ಮಂದಿಗೆ ಇದು ದೊಡ್ಡ ಸಂಗತಿ. ಹಿಂದೆಯೇ ಸರ್ಕಾರದ ನೋಟಿಸೂ ಬಂತು. ನೀರಾವರಿ ಆಗಿದ್ದಕ್ಕೆ ನಿಮ್ಮ ಭೂಮಿಯ ಬೆಲೆ ಏರಿದೆ, ಅದರಲ್ಲಿ ಸರ್ಕಾರಕ್ಕೆ ಪಾಲು ಕಟ್ಟಿ ಅಂತ. ಕಾನೂನಿನ ಭಾಷೆಯಲ್ಲಿ ಅದು ಬೆಟರ್‌ಮೆಂಟ್ ಲೆವಿ, ನಮ್ಮವರ ಬಾಯಲ್ಲಿ ಬರೀ 'ಲೆವಿ'. ಇದರ ಮೇಲೆ ನೀರಿನ ಕರ ಬೇರೆ. ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಲೆವಿ. ಅದೇ ಹೊತ್ತಿಗೆ ಹತ್ತಿಯ ರೇಟೂ ಬಿದ್ದಿತ್ತು.

1980ರ ಜುಲೈ 21ರಂದು ಏನಾಯಿತು ಅನ್ನೋದು ನಮ್ಮ ಭಾಗದ ಪ್ರತಿ ಮನೆಗೂ ಗೊತ್ತು. ನವಲಗುಂದ, ನರಗುಂದ ಎರಡೂ ಕಡೆ ರೈತರು ಬೀದಿಗೆ ಬಂದರು, ಗೋಲಿಬಾರ್ ಆಯಿತು. ಇಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ, ಅಲ್ಲಿ ವೀರಪ್ಪ ಕಡ್ಲಿಕೊಪ್ಪ ಪ್ರಾಣ ಕಳೆದುಕೊಂಡರು. ನರಗುಂದದಲ್ಲಿ ಪೊಲೀಸರೂ ಸತ್ತರು. ಕಿಚ್ಚು ರಾಜ್ಯವೆಲ್ಲ ಹಬ್ಬಿತು. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. ಲೆವಿ ವಸೂಲಿ ನಿಂತಿತು. ಗುಂಡೂರಾವ್ ಸರ್ಕಾರ 1983ರ ಜನವರಿಯಲ್ಲಿ ಹೋಯಿತು, ರಾಜ್ಯದಲ್ಲಿ ಮೊದಲ ಸಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಈಗಲೂ ಪ್ರತಿ ಜುಲೈ 21ಕ್ಕೆ ಎಲ್ಲ ಪಕ್ಷದವರೂ ಬಂದು ವೀರಗಲ್ಲಿಗೆ ಮಾಲೆ ಹಾಕುತ್ತಾರೆ.

ಸರ್ಕಾರದ ಕೈಗೆ ಮಿತಿ ಇರಬೇಕು ಅನ್ನೋದು ಬೇರೆ ದೇಶದ ಪುಸ್ತಕದಿಂದ ಬಂದ ಮಾತು ಅಂತ ಯಾರಾದರೂ ಅಂದರೆ ನಾನು ಈ ತಾರೀಖು ತೋರಿಸುತ್ತೇನೆ. ಕಾಕಾ ಇದನ್ನು ಒಂದೇ ಮಾತಲ್ಲಿ ಹೇಳ್ತಾರೆ: "ಕಟ್ಟೂ ಮುಂದ ನಮ್ಮನ್ನ ಕೇಳಲಿಲ್ಲ, ಕಟ್ಟಿದ ಮ್ಯಾಲ ರೊಕ್ಕ ಕೇಳಾಕ ಬಂದ್ರು." ಖರ್ಚು ಮಾಡುವಾಗ ಕೇಳದವರು ವಸೂಲಿಗೆ ಬಂದಾಗ ಏನಾಗುತ್ತದೆ ಅಂತ ಈ ನೆಲ ತೋರಿಸಿಕೊಟ್ಟಿದೆ.

ಆದರೆ ಆ ಘಟನೆಯಿಂದ ರಾಜಕಾರಣಿಗಳು ಕಲಿತ ಪಾಠವೇ ಬೇರೆ. 'ಖರ್ಚು ಮಾಡುವಾಗ ಜನರನ್ನು ಕೇಳಬೇಕು' ಅಂತ ಕಲಿಯಲಿಲ್ಲ. 'ಜನರ ಮನೆಗೆ ಬಿಲ್ಲು ಕಳಿಸಬಾರದು' ಅಂತ ಕಲಿತರು. ಬಿಲ್ಲು ಕಳಿಸದೆ ಖರ್ಚು ಮಾಡೋಕೆ ಒಂದು ದಾರಿ ಇದೆ, ಅದರ ಹೆಸರು ಸಾಲ. ಬಿಲ್ಲು ಬರೋದು ಮಾತ್ರ ತಪ್ಪೋದಿಲ್ಲ. ಇನ್ನೂ ವೋಟು ಬಂದಿಲ್ಲದ ನಮ್ಮ ಮಕ್ಕಳ ಹೆಸರಿಗೆ ಬರುತ್ತದೆ. ಅವರು ತಹಶೀಲ್ದಾರ್ ಕಚೇರಿ ಮುಂದೆ ಬಂದು ಕೂರೋಕೂ ಆಗೋದಿಲ್ಲ.

ಲೆಕ್ಕ ಏನು ಹೇಳುತ್ತದೆ

2025ರ ಮಾರ್ಚ್ 7ರಂದು ಮಂಡನೆಯಾದ ರಾಜ್ಯ ಬಜೆಟ್ಟಿನ ಗಾತ್ರ 4.09 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಹೊಸ ಸಾಲವೇ ಸುಮಾರು 1.16 ಲಕ್ಷ ಕೋಟಿ. ಆ ಲೆಕ್ಕಪತ್ರದ ಪ್ರಕಾರ ರಾಜ್ಯದ ಒಟ್ಟು ಹೊಣೆಗಾರಿಕೆ 7.64 ಲಕ್ಷ ಕೋಟಿ. 2011ರ ಜನಗಣತಿಯ 6.11 ಕೋಟಿ ತಲೆಗೆ ಹಂಚಿದರೆ ತಲೆಗೆ ಸುಮಾರು 1.25 ಲಕ್ಷ ರೂಪಾಯಿ. ಜನಸಂಖ್ಯೆ ಈಗ ಹೆಚ್ಚಾಗಿರೋದರಿಂದ ಸ್ವಲ್ಪ ಕಡಿಮೆ ಅನ್ನಿ. ಐದು ಮಂದಿಯ ಮನೆಗೆ ಆರು ಲಕ್ಷದ ಆಸುಪಾಸು. ರಾಜ್ಯದ ಸಾಲವನ್ನು ಮನೆಸಾಲದ ಹಾಗೆ ಒಂದು ದಿನ ಪೂರ್ತಿ ತೀರಿಸಿ ಮುಗಿಸೋದಿಲ್ಲ, ಅದು ನನಗೂ ಗೊತ್ತು. ಆದರೆ ಬಡ್ಡಿ ಮಾತ್ರ ಪ್ರತಿ ವರ್ಷ, ಶಾಲೆಗಿಂತ ಮೊದಲು, ದವಾಖಾನೆಗಿಂತ ಮೊದಲು ಹೋಗುತ್ತದೆ.

ಸಾಲ ಅಂದ ಕೂಡಲೇ ಕೆಟ್ಟದ್ದಲ್ಲ. ಕೊಳವೆಬಾವಿಗೆ, ಟ್ರ್ಯಾಕ್ಟರಿಗೆ ಸಾಲ ಮಾಡೋದು ಬೇರೆ, ದಿನದ ಸಂತೆಗೆ ಸಾಲ ಮಾಡೋದು ಬೇರೆ. ಈ ವ್ಯತ್ಯಾಸ ರೈತನ ಮನೆಯಲ್ಲಿ ಎಲ್ಲರಿಗೂ ಗೊತ್ತು. ಸರ್ಕಾರಕ್ಕೂ ಗೊತ್ತಿತ್ತು. 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿದ ದೇಶದ ಮೊದಲ ರಾಜ್ಯ ನಮ್ಮ ಕರ್ನಾಟಕ. ಆ ಕಾಯ್ದೆಯ ಸಾರ ಇಷ್ಟು: ದಿನದ ಖರ್ಚಿಗೆ ಸಾಲ ಮಾಡಬಾರದು, ವರ್ಷದ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3 ದಾಟಬಾರದು, ಒಟ್ಟು ಹೊಣೆ ಶೇ 25 ದಾಟಬಾರದು. 2004-05ರಿಂದ ಕೋವಿಡ್ ಬರುವವರೆಗೂ ನಮ್ಮ ರಾಜ್ಯ ದಿನದ ಖರ್ಚನ್ನು ದಿನದ ಆದಾಯದಲ್ಲೇ ನಡೆಸಿತು. ನಡುವೆ ಕಾಂಗ್ರೆಸ್, ಜನತಾದಳ, ಬಿಜೆಪಿ, ಸಮ್ಮಿಶ್ರ ಎಲ್ಲ ಸರ್ಕಾರಗಳೂ ಬಂದು ಹೋದವು. ಯಾರಿಗೂ ಅದು ಅಸಾಧ್ಯ ಆಗಿರಲಿಲ್ಲ. 2025-26ರ ಬಜೆಟ್ಟಿನಲ್ಲಿ ದಿನದ ಖರ್ಚಿನ ಕೊರತೆ, ಅಂದರೆ ರಾಜಸ್ವ ಕೊರತೆ, 19,262 ಕೋಟಿ. ಒಟ್ಟು ಹೊಣೆ ಶೇ 24.91. ಶೇ 25ರ ಗೆರೆಗೆ ಕೂದಲೆಳೆಯಷ್ಟೇ ಅಂತರ.

ಇದನ್ನು ಓದಿ ಬಿಜೆಪಿ ಬೆಂಬಲಿಗರು ಖುಷಿಪಡಬೇಕಿಲ್ಲ. ದಿಲ್ಲಿಯ ಕಥೆಯೂ ಇದೇ. 2025-26ರ ಕೇಂದ್ರ ಬಜೆಟ್ 50.65 ಲಕ್ಷ ಕೋಟಿ, ಅದರಲ್ಲಿ ಬಡ್ಡಿಗೇ 12.76 ಲಕ್ಷ ಕೋಟಿ, ಅಂದರೆ ನಾಲ್ಕರಲ್ಲಿ ಒಂದು ಪಾಲು. ಇತ್ತ ಕಾಂಗ್ರೆಸ್ ಬೆಂಬಲಿಗರು 'ಕೇಂದ್ರ ನಮ್ಮ ಪಾಲು ಕೊಡಲಿಲ್ಲ' ಅಂತಾರೆ. ಅದರಲ್ಲೂ ಸತ್ಯ ಇದೆ. 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದ ಕರ್ನಾಟಕದ ತೆರಿಗೆ ಪಾಲು 15ನೆಯದರಲ್ಲಿ ಶೇ 3.647ಕ್ಕೆ ಇಳಿಯಿತು. ಆದರೆ ಬರಬೇಕಾದ ಬಾಕಿ ಬರಲಿಲ್ಲ ಅಂತ ಅಂಗಡಿಯಲ್ಲಿ ಉದ್ರಿ ಬರೆಸುತ್ತಾ ಹೋದರೆ ಉದ್ರಿ ನಮ್ಮ ಹೆಸರಿಗೇ ಏರುತ್ತದೆ.

ಅವ್ವನ ಎರಡು ಸಾವಿರ

'ಖರ್ಚು ಕಡಿಮೆ ಮಾಡಿ' ಅಂದ ಕೂಡಲೇ ಪಟ್ಟಣದ ಮಂದಿ ಬೆರಳು ತೋರಿಸೋದು ಗ್ಯಾರಂಟಿ ಕಡೆಗೆ. ಅದೇ 2025-26ರಲ್ಲಿ ಐದು ಗ್ಯಾರಂಟಿಗೆ ಇಟ್ಟದ್ದು ಸುಮಾರು 51 ಸಾವಿರ ಕೋಟಿ. ಸಣ್ಣ ಮೊತ್ತ ಅಲ್ಲ. ಆದರೆ ಇಲ್ಲಿ ನನ್ನ ಬಾಯಿ ಸ್ವಲ್ಪ ಕಟ್ಟುತ್ತದೆ, ಯಾಕಂದರೆ ಗೃಹಲಕ್ಷ್ಮಿಯ ಎರಡು ಸಾವಿರ ನಮ್ಮ ಅವ್ವನ ಖಾತೆಗೂ ಬರುತ್ತದೆ.

"ನಂದು ಅಂತ ಬ್ಯಾಂಕಿನ್ಯಾಗ ಇಷ್ಟ ವರ್ಷ ಏನಿತ್ತೋ? ನಿಮ್ಮಪ್ಪನ ಮುಂದ ಕೈ ಚಾಚೂದು ತಪ್ಪೇತಿ. ನೀನು ಕಳಿಸೂ ರೊಕ್ಕ ನೀನು ಕಳಿಸಿದ್ದು, ಇದು ನಂದು" ಅಂತ ಅವ್ವ ಹೇಳಿದಾಗ ನಾನು ಬಜೆಟ್ ಪುಸ್ತಕ ತೆಗೆದು ತೋರಿಸೋಕೆ ಹೋಗಲಿಲ್ಲ. ಮದುವೆಯಾದಾಗಿಂದ ಹೊಲದಲ್ಲಿ ಕಳೆ ತೆಗೆದು, ಹತ್ತಿ ಬಿಡಿಸಿ, ಮೆಣಸಿನಕಾಯಿ ಆರಿಸಿದ ಹೆಂಗಸಿಗೆ ತನ್ನ ಹೆಸರಲ್ಲಿ ಬಂದ ಮೊದಲ ದುಡ್ಡು ಅದು. 'ಬಿಟ್ಟಿ ಭಾಗ್ಯ' ಅನ್ನೋ ಮಾತು ನನ್ನ ಬಾಯಲ್ಲಿ ಬರೋದಿಲ್ಲ.

ಆದರೆ ಅವ್ವನೇ ಮುಂದೆ ಇನ್ನೊಂದು ಮಾತು ಹೇಳಿದಳು. "ರೊಕ್ಕ ಸಾಲಂಗಿಲ್ಲಂದ್ರ ಮೊದಲ ಅವರ ಪಗಾರ ಕಡಿಮಿ ಮಾಡ್ಕೊಳ್ಳಲಿ. ಆಮ್ಯಾಲ ನಂದು ಕೇಳಲಿ." ನನಗೆ 2025ರ ಮಾರ್ಚ್ 21 ನೆನಪಾಯಿತು. ಅವತ್ತು ವಿಧಾನಸಭೆಯಲ್ಲಿ ಭಾರೀ ಗದ್ದಲ. ಬಿಜೆಪಿಯ 18 ಶಾಸಕರನ್ನು ಆರು ತಿಂಗಳು ಅಮಾನತು ಮಾಡಿದರು. ಆ ಗದ್ದಲದ ನಡುವೆಯೇ, ಚರ್ಚೆ ಇಲ್ಲದೆ, ಮುಖ್ಯಮಂತ್ರಿ, ಸಚಿವರು, ಶಾಸಕರ ಸಂಬಳ ಹೆಚ್ಚಿಸುವ ಮಸೂದೆ ಪಾಸಾಯಿತು. ಶಾಸಕರ ತಿಂಗಳ ಸಂಬಳ 40 ಸಾವಿರದಿಂದ 80 ಸಾವಿರ. ಅದೇ ತಿಂಗಳು ಸಂಸದರ ಸಂಬಳವೂ 1 ಲಕ್ಷದಿಂದ 1.24 ಲಕ್ಷಕ್ಕೆ ಏರಿತು, ಅದೂ 2023ರ ಏಪ್ರಿಲಿನಿಂದ ಪೂರ್ವಾನ್ವಯ.

ಲೆಕ್ಕದಲ್ಲಿ ಇದು ಸಮುದ್ರದಲ್ಲಿ ಒಂದು ಬಿಂದಿಗೆ. ಶಾಸಕರ ಸಂಬಳ ಪೂರ್ತಿ ನಿಲ್ಲಿಸಿದರೂ ರಾಜ್ಯದ ಕೊರತೆ ತುಂಬೋದಿಲ್ಲ. ಆದರೆ ಅವ್ವ ಹೇಳಿದ್ದು ಮೊತ್ತದ ಮಾತಲ್ಲ, ಸರತಿಯ ಮಾತು. ಬರಗಾಲದ ಮನೆಯಲ್ಲಿ ಊಟ ಕಡಿಮೆ ಮಾಡಬೇಕಾದರೆ ಮೊದಲು ಯಜಮಾನನ ತಾಟಿನಿಂದ ಶುರು ಮಾಡ್ತಾರೆ, ಕೂಸಿನ ಬಟ್ಟಲಿನಿಂದಲ್ಲ. ಕಡಿಮೆ ಖರ್ಚಿನ ಮಾತಾಡುವ ಅಭ್ಯರ್ಥಿ ಈ ಸರತಿ ಮರೆತರೆ ಅವನ ಮಾತಿಗೆ ಹಳ್ಳಿಯಲ್ಲಿ ಬೆಲೆ ಇರೋದಿಲ್ಲ, ಇರಲೂಬಾರದು.

ಹಾಗಾದರೆ ಮೊದಲು ಕಡಿಮೆ ಮಾಡೋದು ಏನು? ಪಕ್ಕದ ಊರೊಂದರಲ್ಲಿ ಎರಡು ಸಮುದಾಯ ಭವನ ಇವೆ. ಒಂದರಲ್ಲಿ ಯಾರದೋ ಗೋವಿನಜೋಳದ ಚೀಲ, ಇನ್ನೊಂದಕ್ಕೆ ಬೀಗ. ಮೂರನೆಯದಕ್ಕೆ ಭೂಮಿಪೂಜೆ ಆಗಿದೆ. ಅದೇ ಊರಿನ ಶಾಲೆಯ ಕೋಣೆ ಮಳೆ ಬಂದರೆ ಸೋರುತ್ತದೆ. ಭವನಕ್ಕೆ ಹೆಸರಿನ ಕಲ್ಲು ಹಾಕಬಹುದು, ಸೋರುವ ಹಂಚು ತೆಗೆದು ಬೇರೆ ಹಾಕಿದ್ದಕ್ಕೆ ಯಾರೂ ಕಲ್ಲು ಹಾಕೋದಿಲ್ಲ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಹೀಗೇ. ಹೊಸ ಫೀಚರ್ ಸೇರಿಸಿದವನಿಗೆ ಚಪ್ಪಾಳೆ, ಬೇಡದ ಕೋಡ್ ಅಳಿಸಿದವನ ಹೆಸರು ಯಾರಿಗೂ ಗೊತ್ತಾಗೋದಿಲ್ಲ. ಆದರೆ ಸಿಸ್ಟಂ ಹತ್ತು ವರ್ಷ ಬಾಳೋದು ಅಳಿಸಿದವನಿಂದ. ಸೇರಿಸಿದ ಪ್ರತಿಯೊಂದನ್ನೂ ಯಾರಾದರೂ ದಿನಾ ನೋಡಿಕೊಳ್ಳಬೇಕಲ್ಲ.

ಒಂದು ಪಕ್ಷ ಇತ್ತು

ಇಂಥ ಮಾತನ್ನೇ ಬಾವುಟ ಮಾಡಿಕೊಂಡ ಪಕ್ಷ ನಮ್ಮ ದೇಶದಲ್ಲಿ ಒಮ್ಮೆ ಇತ್ತು ಅಂದರೆ ನನ್ನ ವಯಸ್ಸಿನವರು ಬಹಳ ಜನ ನಂಬೋದಿಲ್ಲ. 1959ರಲ್ಲಿ ರಾಜಾಜಿ ತಮ್ಮ 80ನೇ ವಯಸ್ಸಿನಲ್ಲಿ ಸ್ವತಂತ್ರ ಪಕ್ಷ ಕಟ್ಟಿದರು. ಜೊತೆಗೆ ರೈತ ನಾಯಕ ಎನ್.ಜಿ. ರಂಗಾ, ಮಿನೂ ಮಸಾನಿ. ಅದೇ ವರ್ಷದ ಜನವರಿಯಲ್ಲಿ ಕಾಂಗ್ರೆಸ್ಸು ನಾಗಪುರದಲ್ಲಿ ಸಹಕಾರಿ ಸಾಮೂಹಿಕ ಬೇಸಾಯದ ನಿರ್ಣಯ ಮಾಡಿತ್ತು. 'ರೈತನ ಹೊಲ ರೈತನದೇ ಆಗಿರಲಿ, ಎಲ್ಲದಕ್ಕೂ ಸರ್ಕಾರದ ಅಪ್ಪಣೆ ಕೇಳುವ ಪರ್ಮಿಟ್-ಲೈಸೆನ್ಸ್ ರಾಜ್ಯ ಬೇಡ' ಅನ್ನೋದು ಇವರ ವಾದ. 1967ರಲ್ಲಿ ಲೋಕಸಭೆಯಲ್ಲಿ 44 ಸ್ಥಾನ ಗೆದ್ದು ಅತಿ ದೊಡ್ಡ ವಿರೋಧ ಪಕ್ಷವಾಯಿತು. ನಮ್ಮ ರಾಜ್ಯದ ಉಡುಪಿಯಿಂದಲೂ ಆ ಪಕ್ಷದ ಜೆ.ಎಂ. ಲೋಬೊ ಪ್ರಭು ಗೆದ್ದರು. ನಮ್ಮ ಧಾರವಾಡ ಉತ್ತರ ಮಾತ್ರ ಕಾಂಗ್ರೆಸ್ಸಿನ ಸರೋಜಿನಿ ಮಹಿಷಿ ಅವರ ಕೈಬಿಡಲಿಲ್ಲ. 1971ರ 'ಗರೀಬಿ ಹಠಾವೊ' ಗಾಳಿಯಲ್ಲಿ ಆ 44 ಎಂಟಕ್ಕೆ ಇಳಿಯಿತು. 1974ರಲ್ಲಿ ಪಕ್ಷವೇ ಭಾರತೀಯ ಲೋಕದಳದಲ್ಲಿ ಕರಗಿಹೋಯಿತು.

ಯಾಕೆ ಸೋತರು? ಮಾತು ಸುಳ್ಳಾಗಿದ್ದಕ್ಕಲ್ಲ. ಆ ಮಾತಾಡುವವರ ಜೊತೆ ರಾಜರು, ಜಮೀನುದಾರರು ಬಹಳ ಕಂಡರು. ಹೊಟ್ಟೆ ತುಂಬಿದವರು 'ಸರ್ಕಾರ ದೂರ ಇರಲಿ' ಅಂದಾಗ ಹಸಿದವನಿಗೆ ಅದು ಬೇರೆಯೇ ಕೇಳಿಸುತ್ತದೆ. ನಮ್ಮ ಮನೆಯದೇ ಉದಾಹರಣೆ ಕೊಡುತ್ತೇನೆ. ನನ್ನ ಅಜ್ಜ ಇನ್ನೊಬ್ಬರ ಹೊಲವನ್ನು ಪಾಲಿಗೆ ಮಾಡುತ್ತಿದ್ದವರು. ದೇವರಾಜ ಅರಸು ಸರ್ಕಾರ ತಂದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಅಜ್ಜ ಏಳನೇ ನಮೂನೆ ಅರ್ಜಿ ಹಾಕಿದರು, ಭೂನ್ಯಾಯ ಮಂಡಳಿ ಮುಂದೆ ನಿಂತರು, ನಾಲ್ಕು ಎಕರೆ ಅವರ ಹೆಸರಿಗಾಯಿತು. ನಾನು ಇಂಜಿನಿಯರಿಂಗ್ ಓದಿದ್ದು ಆ ನಾಲ್ಕು ಎಕರೆಯ ಮೇಲೆ. ಸರ್ಕಾರ ಅವತ್ತು ಕೈಹಾಕದೇ ಇದ್ದಿದ್ದರೆ ಈ ಅಂಕಣ ಬರೆಯಲು ನಾನಿರುತ್ತಿರಲಿಲ್ಲ.

ಹಾಗಾಗಿ 'ಸರ್ಕಾರವೇ ಬೇಡ' ಅನ್ನುವವರ ಸಾಲಿನಲ್ಲಿ ನಾನಿಲ್ಲ. ಆದರೆ ಒಂದು ಗಮನಿಸಿ. ಅಜ್ಜನಿಗೆ ಹೊಲ ಕೊಟ್ಟದ್ದು ಹೊಸ ಕಟ್ಟಡ, ಹೊಸ ನಿಗಮ, ಹೊಸ ಉದ್ಘಾಟನೆ ಅಲ್ಲ. ಒಂದು ಸ್ಪಷ್ಟ ಕಾನೂನು, ಅದನ್ನು ನಡೆಸುವ ಒಂದು ಮಂಡಳಿ. ಇನ್ನೊಂದು ಉದಾಹರಣೆ ನನ್ನ ವೃತ್ತಿಗೆ ಹತ್ತಿರದ್ದು. ಮೊದಲು ಉತಾರ ಬೇಕಂದರೆ ತಲಾಠಿ ಸಿಗಬೇಕು, ಅವನ ಮನಸ್ಸು ಬರಬೇಕು, ಕೈ ಬಿಸಿ ಮಾಡಬೇಕು. 2000ದ ಸುಮಾರಿಗೆ 'ಭೂಮಿ' ಯೋಜನೆಯಲ್ಲಿ ಪಹಣಿಗಳೆಲ್ಲ ಕಂಪ್ಯೂಟರಿಗೆ ಬಂದವು, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಉತಾರ ಸಿಗತೊಡಗಿತು. ಒಬ್ಬ ಮನುಷ್ಯನ ಮರ್ಜಿ ಒಂದು ನಿಯಮಕ್ಕೆ ಇಳಿಯಿತು. ಸರ್ಕಾರಕ್ಕೆ ಮಿತಿ ಅಂದರೆ ನನಗೆ ಇದೇ: ತಾನು ಮಾತ್ರ ಮಾಡಬಹುದಾದದ್ದನ್ನು ಸರ್ಕಾರ ಸರಿಯಾಗಿ ಮಾಡಲಿ. ಕಾಲುವೆಯ ಕೊನೆಯ ಹೊಲಕ್ಕೆ ನೀರು, ಬೆಣ್ಣಿಹಳ್ಳ ಉಕ್ಕಿದಾಗ ರಕ್ಷಣೆ, ಸೋರದ ಶಾಲೆ, ವೈದ್ಯರಿರುವ ದವಾಖಾನೆ, ಹೊಲದ ಗಡಿ ಜಗಳಕ್ಕೆ ಬೇಗ ನ್ಯಾಯ. ಇಷ್ಟು ಮಾಡಿದ ಮೇಲೆ ಉಳಿದದ್ದರ ಮಾತು.

ಸಂಸದನ ಕೆಲಸ ಏನು

ಲೋಕಸಭೆಗೆ ಆರಿಸಿ ಹೋದವರು ಊರಿಗೆ ಬಂದಾಗ ನಾವು ಕೇಳೋದು ಏನನ್ನು? ಗುಡಿಗೆ ಶೆಡ್ಡು, ಬಸ್ಸಿಗೆ ತಂಗುದಾಣ, ಓಣಿಗೆ ಹೈಮಾಸ್ಟ್ ದೀಪ. ಅವರಿಗೆ ವರ್ಷಕ್ಕೆ 5 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿ ಇದೆ. 1993ರಲ್ಲಿ ಶುರುವಾದದ್ದು. ಅದರ ಹಿಂದೆ ಓಡಾಡಿ ಐದು ವರ್ಷ ಮುಗಿಯುತ್ತದೆ. ಆದರೆ ಸಂವಿಧಾನ ಅವರಿಗೆ ಕೊಟ್ಟ ಮೊದಲ ಕೆಲಸ ಈ 5 ಕೋಟಿಯದಲ್ಲ, 50 ಲಕ್ಷ ಕೋಟಿಯದು. ಲೋಕಸಭೆ ಒಪ್ಪದೆ ಸರ್ಕಾರ ಖಜಾನೆಯಿಂದ ಹಣ ತೆಗೆಯುವಂತಿಲ್ಲ.

ಅದಕ್ಕೆ ಅವರ ಕೈಯಲ್ಲಿ ಆಯುಧವೂ ಇದೆ, ಹೆಸರು ಕಟ್ ಮೋಷನ್. ಇಲಾಖೆಯೊಂದು ಹಣ ಕೇಳಿದಾಗ ಸದಸ್ಯರು ಮೂರು ರೀತಿಯಲ್ಲಿ ಕತ್ತರಿ ಹಾಕಲು ಸೂಚಿಸಬಹುದು. ನೀತಿಯೇ ತಪ್ಪು ಅನ್ನೋದಾದರೆ 'ಈ ಬೇಡಿಕೆಯನ್ನು 1 ರೂಪಾಯಿಗೆ ಇಳಿಸಿ' ಅನ್ನಬಹುದು. ಖರ್ಚು ಹೆಚ್ಚಾಯಿತು ಅನ್ನೋದಾದರೆ ಇಂತಿಷ್ಟು ಮೊತ್ತ ಕಡಿಮೆ ಮಾಡಿ ಅನ್ನಬಹುದು. ಒಂದು ಕುಂದುಕೊರತೆ ಎತ್ತಿ ತೋರಿಸಬೇಕಾದರೆ 'ನೂರು ರೂಪಾಯಿ ಕಡಿಮೆ ಮಾಡಿ' ಅಂತ ಸಾಂಕೇತಿಕವಾಗಿ ಕೇಳಬಹುದು. ನೂರು ರೂಪಾಯಿ ಕಡಿತ ಕೇಳಿ ಇಡೀ ಇಲಾಖೆಯನ್ನು ಉತ್ತರಕ್ಕೆ ನಿಲ್ಲಿಸುವ ಈ ಉಪಾಯ ನನಗೆ ಬಹಳ ಇಷ್ಟ.

ಆದರೆ ನಡೆಯೋದು ಏನು? 2023ರ ಮಾರ್ಚ್ 23ರಂದು ಸುಮಾರು 45 ಲಕ್ಷ ಕೋಟಿಯ ಖರ್ಚಿನ ಬೇಡಿಕೆಗಳು ಲೋಕಸಭೆಯಲ್ಲಿ ಚರ್ಚೆಯೇ ಇಲ್ಲದೆ ಪಾಸಾದವು. ಆಳುವವರೂ ಕೂಗಿದರು, ವಿರೋಧಿಗಳೂ ಕೂಗಿದರು, ಲೆಕ್ಕ ಯಾರೂ ಕೇಳಲಿಲ್ಲ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ ಪಕ್ಷದ ವಿಪ್ ಮೀರಿ ವೋಟು ಹಾಕಿದರೆ ಸದಸ್ಯತ್ವವೇ ಹೋಗಬಹುದು, ಅದೂ ನಿಜ. ಆದರೆ ಎದ್ದು ನಿಂತು ಪ್ರಶ್ನೆ ಕೇಳಿದ್ದಕ್ಕೆ ಯಾವ ಕಾಯ್ದೆಯೂ ಸದಸ್ಯತ್ವ ಕಿತ್ತುಕೊಳ್ಳೋದಿಲ್ಲ.

ಕಡಿಮೆ ಖರ್ಚಿನ ಅಭ್ಯರ್ಥಿಯನ್ನು ಗುರುತಿಸೋದು ಹೇಗೆ

ಭಾಷಣದಲ್ಲಿ 'ದುಂದುವೆಚ್ಚ ನಿಲ್ಲಿಸ್ತೀವಿ' ಅನ್ನೋದು ಸುಲಭ. ನಾನು ನಾಲ್ಕು ವಿಷಯ ನೋಡುತ್ತೇನೆ.

ಮೊದಲನೆಯದು, ಅವನ ಸ್ವಂತ ಚುನಾವಣೆಯ ಖರ್ಚು. ಆಯೋಗದ ಮಿತಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ. ಕಣ್ಣೆದುರಿಗೇ ಅದನ್ನು ಮೀರಿ ಸುರಿಯುವವನು ನಾಳೆ ನಮ್ಮ ದುಡ್ಡಿಗೆ ಲೆಕ್ಕ ಇಡ್ತಾನೆ ಅಂತ ನಂಬೋದು ಹೇಗೆ? ಅವನು ಸುರಿದದ್ದು ದಾನವೂ ಅಲ್ಲ, ಬಿತ್ತನೆ. ಬೆಳೆ ಕೊಯ್ಯೋಕೆ ಬಂದೇ ಬರ್ತಾನೆ. ನಾವು ತೆಗೆದುಕೊಂಡ ಐನೂರರ ನೋಟೂ ಆ ಬಿತ್ತನೆಯ ಒಂದು ಕಾಳು.

ಎರಡನೆಯದು, ಅವನು ನಿಲ್ಲಿಸುತ್ತೇನೆ ಅನ್ನೋ ಖರ್ಚಿನ ಹೆಸರು. ಎದುರು ಪಕ್ಷದ ಯೋಜನೆಯ ಹೆಸರು ಹೇಳಿದರೆ ನಾನು ಲೆಕ್ಕಕ್ಕೆ ಹಿಡಿಯೋದಿಲ್ಲ. ತನ್ನ ಪಕ್ಷದ್ದು, ತನ್ನ ಜಾತಿಯ ನಿಗಮದ್ದು, ತನ್ನ ಗುತ್ತಿಗೆದಾರ ಗೆಳೆಯನದ್ದು ಒಂದು ಹೇಳಲಿ. ಹೇಳಿದ ದಿನ ಅವನಿಗೆ ನನ್ನ ವೋಟು ಗಟ್ಟಿ.

ಮೂರನೆಯದು, ಹೊಸದು ಕೊಡ್ತೀನಿ ಅಂದಾಗ ಹಣದ ಮೂಲ. ತೆರಿಗೆ ಏರಿಸ್ತೀರಾ, ಬೇರೆ ಖರ್ಚು ಕಡಿಮೆ ಮಾಡ್ತೀರಾ, ಸಾಲ ತರ್ತೀರಾ? ಮೂರೇ ದಾರಿ ಇರೋದು, ನಾಲ್ಕನೆಯದಿಲ್ಲ. ಮಗಳ ಮದುವೆ ಖರ್ಚಿನ ಯಾದಿ ಬರೆಯುವಾಗ ನಾವು ಇದನ್ನೇ ಕೇಳ್ತೀವಲ್ಲ.

ನಾಲ್ಕನೆಯದು, ತನ್ನ ಕೈಯಿಂದ ಅಧಿಕಾರ ಕೆಳಗೆ ಬಿಡೋಕೆ ಅವನು ತಯಾರಿದ್ದಾನಾ? ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ 2016ರಲ್ಲಿ ಚುನಾವಣೆ ಆಯಿತು. ಗೆದ್ದವರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆ ಕುರ್ಚಿಗಳು ಖಾಲಿ ಉಳಿದವು, ಅಧಿಕಾರಿಗಳೇ ಆಡಳಿತ ನಡೆಸಿದರು. ಎಂಬತ್ತರ ದಶಕದಲ್ಲಿ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ ದೇಶಕ್ಕೇ ಪಂಚಾಯತಿ ದಾರಿ ತೋರಿಸಿದ ರಾಜ್ಯ ಇದು. ಖರ್ಚು ಮಾಡುವವನು ಹತ್ತಿರ ಇದ್ದಷ್ಟೂ ಖರ್ಚು ಕಡಿಮೆ ಆಗುತ್ತದೆ, ಯಾಕಂದರೆ ಸಂಜೆ ಅವನು ಅದೇ ಓಣಿಯಲ್ಲಿ ನಡೆದು ಮನೆಗೆ ಹೋಗಬೇಕು.

ಈ ನಾಲ್ಕರಲ್ಲಿ ಎರಡು ದಾಟುವವನು ಸಿಕ್ಕರೂ ಸಾಕು, ನಾನು ಪಕ್ಷದ ಚಿಹ್ನೆ ನೋಡೋದಿಲ್ಲ. ಅವನು ಸೋಲಬಹುದು, ಠೇವಣಿಯೂ ಹೋಗಬಹುದು. ಆದರೂ ಅವನಿಗೆ ಬಿದ್ದ ಮತಗಳನ್ನು ಗೆದ್ದವನೂ ಎಣಿಸ್ತಾನೆ. ಒಂದು ಕ್ಷೇತ್ರದಲ್ಲಿ ಐದು ಸಾವಿರ ಜನ 'ಲೆಕ್ಕ ಕೊಡುವವನು ಬೇಕು' ಅಂತ ವೋಟು ಹಾಕಿದರೆ ಮುಂದಿನ ಸಲ ದೊಡ್ಡ ಪಕ್ಷದವರೂ ಲೆಕ್ಕದ ಹಾಳೆ ಹಿಡಿದುಕೊಂಡೇ ಬರುತ್ತಾರೆ. ಅವರು ಬೇರೆ ಏನು ಕಲಿಯದಿದ್ದರೂ ಮತ ಎಣಿಸೋದು ಚೆನ್ನಾಗಿ ಕಲಿತಿರುತ್ತಾರೆ.

ಅಲ್ಲಿಯವರೆಗೆ ಅಭ್ಯಾಸಕ್ಕೆ ಗ್ರಾಮಸಭೆ ಇದೆ. ಮುಂದಿನ ಗ್ರಾಮಸಭೆಯ ಡಂಗುರ ಸಾರಿದಾಗ ಹೋಗಿ, ಹೊಸ ಬೇಡಿಕೆ ಇಡುವ ಮೊದಲು ಒಂದೇ ಒಂದು ಮಾತು ಕೇಳಿ: "ಹೋದ ವರ್ಷ ಮಾಡಿದ ಖರ್ಚಿನೊಳಗ ಬ್ಯಾಡಾಗಿದ್ದು ಯಾವ್ದು, ಸ್ವಲ್ಪ ಹೇಳ್ರಿ." ಸಭೆ ಒಂದು ನಿಮಿಷ ಸುಮ್ಮನಾಗುತ್ತದೆ. ಆಮೇಲೆ ಮೂಲೆಯಲ್ಲಿ ಕೂತ ಯಾರೋ ಮೆಲ್ಲಗೆ ಒಂದು ಹೆಸರು ಹೇಳುತ್ತಾರೆ. ಅದನ್ನು ಬರೆದಿಟ್ಟುಕೊಳ್ಳಿ. 2028ಕ್ಕೆ ಬೇಕಾಗುತ್ತದೆ.